ಕಿಲಾರಿಯ ಮುಖ ನೋಡಲು ಹೊರಟ ದನಗಳು

ಹುಲಿಕುಂಟೆ
12 ನವೆಂಬರ್ 2022

ತಂಗಿ ಮಂಜಮ್ಮನಿಗೆ ಅಕ್ಕ ರಾಮಾಂಜಿನಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಅಳುತ್ತೀಯ, ಆಮೇಲೆ ನಾನು ನಿನ್ನನ್ನು ಸಮಾಧಾನ ಮಾಡಬೇಕು. ಆ ತಾಳ್ಮೆ ಈಗ ನನ್ನಲ್ಲಿಲ್ಲ.

ಅಪ್ಪ ಬದುಕಿದ್ದಾನೆ. ಅವತ್ತು ಉಸಿರು ನಿಂತಿತೆಂದು ಲಕ್ಕಮ್ಮತ್ತೆ ಬಾಯಿಗೆ ನೀರು ಬಿಟ್ಟು ಗೋಳಾಡಿದಾಗ ಮಧುಗಿರಿಗೆ ನಿನಗೆ ಫೋನ್ ಮಾಡಿದವಳು ನಾನೇ. ನೀನು ಏನಂದೆ? "ಅಪ್ಪ ದೇವ್ರ ದನ ಕಾದ ಕಿಲಾರಿ ಕಣಕ್ಕ. ದನ ಬಂದು ಮುಖ ನೋಡ್ದೆ ಹೆಣ ಎತ್ತಂಗಿಲ್ಲ. ಮೊದ್ಲು ಅವನ್ನ ಹೊಡ್ಕಂಡ್ ಬರಾಕ್ ಹೇಳು." ನೀನು ಮಾತ್ರ ಬಸ್ಸು ಹತ್ತಲಿಲ್ಲ.

ಆ ದೇವರ ಗಿಡ್ಡ ದನಗಳು ಉಳಿದಿದ್ದದ್ದೇ ನಮ್ಮ ಕೆರೆಯ ಎರಡು ನಡುಗಡ್ಡೆಗಳಲ್ಲಿ. ಊರವರೆಲ್ಲ ಸೀಮೆಹಸು ಕಟ್ಟಿದ ಮೇಲೆ, ತಳಿ ಕೆಡಬಾರದೆಂದು ಅಪ್ಪನೇ ಅಲ್ಲಿಗೆ ಬಿಟ್ಟಿದ್ದ. ದಡಕ್ಕೆ ಕರೆತರುವಾಗ ತಾನೇ ಮುಂದಾಗಿ ನೀರಿಗಿಳಿದು 'ಹೋ' ಅನ್ನುತ್ತಿದ್ದ, ಅವು ಬೆನ್ನಿಗೇ ಈಜುತ್ತಿದ್ದವು. ಬೇರೆಯವರ ದನಿಗೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

ನಮ್ಮಣ್ಣ ಲಕ್ಷ್ಮೀಪತಿಗೆ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವ ಅವಸರ. ತೆಪ್ಪದಲ್ಲಿ ಹೋಗಿ ಹಿಂದಿನಿಂದ ಪಟಾಕಿ ಹೊಡೆದ. ಬೆದರಿದ ದನ ದಡದ ದಾರಿ ಬಿಟ್ಟು, ಹೂಳು ತೆಗೆದ ಗುಂಡಿಗಳ ಕಡೆ ನುಗ್ಗಿದವು. ಕೆಸರಿನಲ್ಲಿ ಕಾಲು ಹೂತು ಒಂದರ ಮೇಲೊಂದು ಬಿದ್ದವು. ಕೊನೆಗೆ ಹೋರಿಯ ಕೊಂಬು ಮಾತ್ರ ಕಾಣುತ್ತಿತ್ತು, ಅದೂ ಮುಳುಗಿತು. ಒಂದು ಕರುವೂ ಉಳಿಯಲಿಲ್ಲ. ನಾನು ದಡದಲ್ಲಿ ಎದೆ ಎದೆ ಬಡಿದುಕೊಂಡೆ.

ಮನೆಗೆ ಬಂದರೆ ಅಪ್ಪ ಗೋಡೆಗೊರಗಿ ಗಂಜಿ ಕೇಳುತ್ತಿದ್ದ. "ಅಯ್ಯೋ, ಎದ್ ಕುಂತವ್ನಲ್ಲೋ!" ಎಂದು ಅಣ್ಣ ಹೊಸ್ತಿಲಲ್ಲೇ ಕುಸಿದ. ಸಂತೋಷಕ್ಕಲ್ಲ.

ಅಂತೂ ನೀನು ಹೇಳಿದ ಶಾಸ್ತ್ರ ಮಾಡಿದೆವು, ಮಂಜಿ. ನಿನ್ನ ಮಕ್ಕಳು ಚೆನ್ನಾಗಿ ಓದಲಿ. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ.

ನಿನ್ನ ಅಕ್ಕ,
ರಾಮಾಂಜಿನಮ್ಮ

ಮರೆತಿದ್ದೆ. ದನದ ವಿಷಯ ಅಪ್ಪನಿಗೆ ಯಾರೂ ಹೇಳಿಲ್ಲ. ನಿನ್ನೆ ನೋವು ತಡೆಯಲಾರದೆ ನನ್ನ ಕೈ ಹಿಡಿದುಕೊಂಡು, "ಸಾಕಾಯ್ತು ಕಣಮ್ಮ, ಒಂಟೋಯ್ತೀನಿ. ದನ ಬಂದು ಒಂದ್ಸಲ ನೋಡ್ಲಿ. ಅವು ಬರೋಗಂಟ ಜೀವ ಬಿಗಿ ಹಿಡ್ಕಂಡಿರ್ತೀನಿ" ಅಂದ. ಈಗಲೂ ನರಳುತ್ತಾ ಬಾಗಿಲ ಕಡೆಗೇ ನೋಡುತ್ತಿದ್ದಾನೆ.