ಕಾಶವ್ವ ನುಂಗದ ಗುಳಿಗೆ

ಗದಗ, ಫೆಬ್ರವರಿ ೩೦, ೨೧೮೭

ನನಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ, ಎಂಜಲು ಪರೀಕ್ಷೆಯ ಪ್ರಯೋಗಾಲಯಗಳನ್ನು ಈಗಷ್ಟೇ ಕಟ್ಟುತ್ತಿರುವ ಹಿರಿಯರೇ,

ಫೆಬ್ರವರಿಗೆ ಮೂವತ್ತು ದಿನವೇ ಎಂದು ನಗಬೇಡಿ, ನಮಗೆ ಅಷ್ಟಿವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಇಂದುಮತಿ ಪತ್ತಾರ. ಇಲ್ಲಿನ ಜೊಲ್ಲುಮನೆಯಲ್ಲಿ, ಅಂದರೆ ಊರವರ ಎಂಜಲು ಪರೀಕ್ಷಿಸುವ ಪ್ರಯೋಗಾಲಯದಲ್ಲಿ, ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ.

ಪ್ರತಿ ಸೋಮವಾರ ಎಲ್ಲರೂ ಬರಲೇಬೇಕು. ನಾವು ಕೊಡುವ ಹತ್ತಿಯ ಬತ್ತಿಯನ್ನು ಕೆನ್ನೆಯೊಳಗೆ ಎರಡು ನಿಮಿಷ ಇಟ್ಟುಕೊಂಡು, ನಳಿಕೆಗೆ ಹಾಕಿ ಹೋಗುತ್ತಾರೆ. ಚಹಾ ಕುಡಿದು ಬಂದವರನ್ನು ಬಾಯಿ ತೊಳೆಸಿ ಹತ್ತು ನಿಮಿಷ ಕೂರಿಸುತ್ತೇವೆ. ವೈದ್ಯರು ಬರೆದ ಔಷಧ ಎಂಜಲಿನಲ್ಲಿ ಕಡಿಮೆ ಕಂಡರೆ ಅದನ್ನು ಮಾರಿಕೊಂಡಿದ್ದಾರೆ ಎಂದೇ ಅರ್ಥ. ಬರೆಯದ ಔಷಧ ಕಂಡರೆ ಅದು ಮಾದಕವಸ್ತು. ಎರಡಕ್ಕೂ ಶಿಕ್ಷೆ 'ಬರಿಬಾಯಿ': ಒಂದು ವರ್ಷ ಯಾವ ಔಷಧವೂ ಸಿಗದು.

ಕಾಶವ್ವ ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವವಳು. ಫಿಟ್ಸ್‌ಗೆ ದಿನಕ್ಕೆರಡು ಗುಳಿಗೆ ನುಂಗಬೇಕಿತ್ತು. ಕಳೆದ ಶ್ರಾವಣದಲ್ಲಿ ಅವಳ ಎಂಜಲಿನಲ್ಲಿ ಔಷಧ ಅರ್ಧಕ್ಕಿಳಿಯಿತು. ಅದೇ ವಾರ ಅವಳ ತಂಗಿ ಗಂಗಾಬಾಯಿಯ ನಳಿಕೆಯಲ್ಲಿ ಅದೇ ಔಷಧ ಸಿಕ್ಕಿತು. ತಂಗಿಗೂ ಫಿಟ್ಸ್ ಬರುತ್ತಿತ್ತು. ಆದರೆ ಔಷಧದ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಏರಿರಲಿಲ್ಲ. ಮೂರು ಸಲ ಪರೀಕ್ಷಿಸಿದೆ. ಉತ್ತರ ಬದಲಾಗಲಿಲ್ಲ.

ಕಾಶವ್ವ ನಮ್ಮ ಬಾಗಿಲಿಗೇ ಬಂದಳು. "ಇಂದಕ್ಕಾ, ನಾ ಒಂದ ಗುಳಿಗೀನೂ ಮಾರಿಲ್ಲ. ಅಕಿ ಕಣ್ಮುಂದ ಬಿದ್ದು ಒದ್ದಾಡೂದು ನೋಡ್ಕೋತ ಎರಡೂ ನಾನ ಹ್ಯಾಂಗ ನುಂಗಲಿ?"

"ನನಗ ತಿಳೀತದವ್ವಾ. ಮಷೀನಿಗೆ ತಿಳ್ಯಂಗಿಲ್ಲ," ಎಂದೆ.

ನಳಿಕೆಗಳನ್ನು ಚೆಲ್ಲಿಬಿಡಬಹುದಿತ್ತು. ಚೆಲ್ಲಿದವರಿಗೂ ಬರಿಬಾಯಿಯೇ, ಮತ್ತು ಇನ್ಸುಲಿನ್ ಇಲ್ಲದೆ ನಾನು ಒಂದು ತಿಂಗಳೂ ಬದುಕುವುದಿಲ್ಲ. ಇಬ್ಬರ ವರದಿಗೂ ಸಹಿ ಹಾಕಿದೆ; ಇಬ್ಬರಿಗೂ ಬರಿಬಾಯಿ ಆಯಿತು. ಹದಿನೇಳನೆಯ ದಿನ ಗಂಗಾಬಾಯಿ ಬಚ್ಚಲಲ್ಲಿ ಬಿದ್ದು ತೀರಿಕೊಂಡಳು. ಕಾಶವ್ವನ ಕೈಯಲ್ಲಿ ಈಗ ಸೂಜಿ ನಿಲ್ಲುವುದಿಲ್ಲ. ಸೋಮವಾರ ಬರುತ್ತಾಳೆ, ನನ್ನ ಮುಖ ನೋಡದೆ ಬಾಯಿ ತೆರೆಯುತ್ತಾಳೆ. ಅವಳ ಎಂಜಲಿನಲ್ಲಿ ಈಗ ಯಾವ ಔಷಧವೂ ಇಲ್ಲ, ಹಾಗಾಗಿ ವರದಿಯಲ್ಲಿ ಯಾವ ದೋಷವೂ ಇಲ್ಲ ಎಂದು ನಾನೇ ಬರೆಯುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ವರದಿಯ ನಮೂನೆ ಅಚ್ಚು ಹಾಕಿಸುವಾಗ, ಕೆಳಗೆ ಎರಡು ಸಾಲು ಖಾಲಿ ಬಿಡಿ. ಔಷಧ ಏಕೆ ಕಡಿಮೆಯಾಯಿತೆಂದು ಆ ಮನುಷ್ಯ ಹೇಳಿದ್ದನ್ನು ಬರೆಯಲು. ಬೇಡುತ್ತಿದ್ದೇನೆ, ಆದರೆ ನಿಮ್ಮ ಉತ್ತರ ನನಗೆ ಗೊತ್ತು. ನಾಳಿನ ನಮೂನೆಗಳ ಕಟ್ಟು ನನ್ನ ಮೇಜಿನ ಮೇಲಿದೆ. ಅದರಲ್ಲಿ ಆ ಎರಡು ಸಾಲು ಇಲ್ಲ.