ಒಂಬತ್ತು ಬೋಳುಕತ್ತಿನ ಕೋಳಿಗಳು

ಜೂನ್ ೪, ೧೯೮೪, ಸೋಮವಾರ

ಇವತ್ತೂ ರಕ್ತದ ಪ್ರೋಟೀನನ್ನು ಪಟ್ಟೆಪಟ್ಟೆಯಾಗಿ ಬೇರ್ಪಡಿಸುವ ಜೆಲ್ ಮುಂದೆಯೇ ಮಧ್ಯಾಹ್ನವಾಯಿತು. ಫಾರಂನ ಇಪ್ಪತ್ತು ಲೆಗಾರ್ನ್ ಕೋಳಿಗಳ ರಕ್ತವನ್ನು ಅದರಲ್ಲಿ ಓಡಿಸಿದೆ. ನೀಲಿ ಪಟ್ಟೆಗಳು ಎಲ್ಲದರಲ್ಲೂ ಒಂದೇ ಕಡೆ, ಅಚ್ಚು ಒತ್ತಿದ ಹಾಗೆ. ನಾಟಿ ಕೋಳಿಗಳದ್ದು ಹಾಗಲ್ಲ, ಒಂದರಂತೆ ಇನ್ನೊಂದಿಲ್ಲ. ಅದರಲ್ಲೂ ಕಾಮಾಕ್ಷಿಪಾಳ್ಯದ ಮುನಿಲಕ್ಷ್ಮಮ್ಮನ ಬೋಳುಕತ್ತಿನ ಕೋಳಿಗಳು... ಒಂಬತ್ತರಲ್ಲಿ ಎರಡಕ್ಕೆ ಬೇರೆಲ್ಲೂ ಕಾಣದ ಒಂದು ಪಟ್ಟೆ. ತೆಳ್ಳಗೆ, ಎಲ್ಲಕ್ಕಿಂತ ಮುಂದೆ.

ಗೈಡ್ ವೆಂಕಟಗಿರಿ ಸಾರ್ ಕನ್ನಡಕ ಎತ್ತಿ ನೋಡಿದರು. "ಏನೋ ಎಡವಟ್ಟಾಗಿದೆ ಗಿರಿಜಾದೇವಿ. ಇನ್ನೊಂದ್ಸಲ ರಕ್ತ ತಗೊಂಡ್ ಬನ್ನಿ."

ಎಡವಟ್ಟಲ್ಲ. ನನಗೆ ಗೊತ್ತು.

ಜೂನ್ ೬, ಬುಧವಾರ

ಬೆಳಿಗ್ಗೆ ಕೆಂಗೇರಿ, ಅಂಜಿನಯ್ಯನ ಮನೆ. ಅಲ್ಲಿನ ಹದಿನಾರು ನಾಟಿ ಕೋಳಿಗಳ ರಕ್ತ ತೆಗೆಯುವುದು ಬಾಕಿ ಇತ್ತು. ಎರಡು ಹೇಂಟೆ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದವು. ಹಸಿರು ಹಿಕ್ಕೆ. "ಬಿಸ್ಲಿಗೆ ಹಂಗಾಡ್ತವೆ, ನೀವ್ ತಗೊಳಿ ಮೇಡಂ" ಅಂದ. ರಕ್ತ ತೆಗೆದುಕೊಂಡೆ. ಮನಸ್ಸೆಲ್ಲ ಆ ಪಟ್ಟೆಯ ಮೇಲೆ. ಅಲ್ಲಿಂದ ಬಸ್ಸು ಹಿಡಿದು ಸೀದಾ ಕಾಮಾಕ್ಷಿಪಾಳ್ಯ.

ರಕ್ತ ತೆಗೆಯಲೆಂದು ಮುನಿಲಕ್ಷ್ಮಮ್ಮ ಒಂದೊಂದನ್ನೇ ಕಂಕುಳಲ್ಲಿ ಅವುಚಿ ರೆಕ್ಕೆ ಬಿಡಿಸಿ ಹಿಡಿದರು. "ನಮ್ಮವ್ವ ತವರಿಂದ ಕೊಟ್ ಕಳ್ಸಿದ್ ತಳಿ ಕಣಮ್ಮ. ಇದ್ರಲ್ಲಿ ಅಂಥಾದ್ದೇನೈತೆ?"

"ಬೇರೆ ಯಾವ ಕೋಳೀಲೂ ಸಿಗದೇ ಇರೋದು ಇದೆ."

ನಕ್ಕರು. ಪಕ್ಕದ ಮನೆಯ ಅಂಜನಮ್ಮನನ್ನು ಕೂಗಿ ಹೇಳಿದರು. ಆಕೆ ಬಂದು ನೋಡಿ, "ಹಂಗಾದ್ರೆ ನಂಗೂ ಒಂದ್ ಮರಿ ಕೊಡೇ" ಅಂದರು.

ಜೂನ್ ೯, ಶನಿವಾರ

ಪಟ್ಟೆ ಮತ್ತೆ ಬಂತು! ಅವೇ ಎರಡಕ್ಕೆ. ಪೇಪರ್ ಬರೆಯೋಣ ಅಂದರು ಸಾರ್. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ. ಕೋಳಿ ಮುಟ್ಟಿದವಳು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬಾರದು ಅಂತ ಅವ್ವನ ಕಟ್ಟಪ್ಪಣೆ. ಬಚ್ಚಲಲ್ಲಿ ಒಬ್ಬಳೇ ನಕ್ಕೆ.

ಜೂನ್ ೧೨, ಮಂಗಳವಾರ

ಅಂಜಿನಯ್ಯ ಕಾಲೇಜಿಗೇ ಬಂದಿದ್ದ. ಹದಿನಾರೂ ಸತ್ತಿವೆ. ಗೋಣಿಚೀಲದಲ್ಲಿ ತಂದದ್ದನ್ನು ಸಾರ್ ಕೊಯ್ದು ನೋಡಿದರು — ಕೊಕ್ಕರೆ ರೋಗ. ಮುಟ್ಟಿದ ಕೈ, ತುಳಿದ ಕಾಲು, ಯಾವುದರಿಂದಲಾದರೂ ಹರಡುತ್ತದೆ. ಇದು ನನಗೆ ಪರೀಕ್ಷೆಗೆ ಬಂದಿದ್ದ ಪ್ರಶ್ನೆ.

ಆ ದಿನ ಕೆಂಗೇರಿಯ ಹಿಕ್ಕೆ ತುಳಿದ ಚಪ್ಪಲಿಯಲ್ಲೇ ಮುನಿಲಕ್ಷ್ಮಮ್ಮನ ಹಿತ್ತಿಲಿಗೆ ಹೋಗಿದ್ದೆ. ತೊಳೆದಿರಲಿಲ್ಲ.

ಕೂರಲಾಗಲಿಲ್ಲ. ಫ್ಲಾಸ್ಕಿಗೆ ಐಸ್ ತುಂಬಿ ಲಸಿಕೆ ಹಾಕಿಕೊಂಡು ಓಡಿದೆ. ತಡವಾಗಿತ್ತು. ಮೂರು ಆಗಲೇ ಸತ್ತಿದ್ದವು. ಒಂದು ಕತ್ತು ತಿರುಚಿಕೊಂಡು ಗಿರಗಿರ ಸುತ್ತುತ್ತಿತ್ತು. ಉಳಿದವಕ್ಕೆ ಚುಚ್ಚಿದೆ.

"ಅವ್ಳ್ ಕಣ್ಣು ಬಿತ್ತು ಕಣಮ್ಮ. ಮರಿ ಕೇಳಿದ್ಳಲ್ಲ, ಅವತ್ತೇ" — ಮುನಿಲಕ್ಷ್ಮಮ್ಮ ಅಂಜನಮ್ಮನ ಮನೆಯತ್ತ ಕೈ ತೋರಿಸಿದರು.

ನಾನು ಸೂಜಿ ಒರೆಸುತ್ತಿದ್ದೆ. ಫ್ಲಾಸ್ಕ್ ಎತ್ತಿಕೊಂಡು ಹೊರಟೆ.

ಜೂನ್ ೧೫

ಒಂದೂ ಉಳಿಯಲಿಲ್ಲ.

ಜೂನ್ ೨೮, ಗುರುವಾರ

ಪೇಪರ್ ಮುಂದೆ ಸಾಗುತ್ತಿಲ್ಲ. "ಇರೋ ಸ್ಯಾಂಪಲ್ ಸಾಕು. ಹಿಂಡು ಈಗ ಉಳಿದಿಲ್ಲ ಅಂತ ಒಂದು ಸಾಲು ಹಾಕಿ" ಅಂದರು ಸಾರ್. ಯಾಕೆ ಉಳಿದಿಲ್ಲ ಅಂತ ನಾನೇ ಹೇಳಿದೆ.

"ನಿಮ್ಮಿಂದ್ಲೇ ಅಂತ ಹೇಗ್ ಹೇಳ್ತೀರಿ? ಬೇರೆ ಎಲ್ಲಿಂದಾದ್ರೂ ಬಂದಿರಬಹುದು."

ಬಂದಿರಬಹುದು. ಆ ಮಾತನ್ನೇ ಹಿಡಿದುಕೊಂಡು ಊಟ ಮಾಡಲು ನೋಡಿದೆ. ಆಗಲಿಲ್ಲ.

ಸಂಜೆ ಆ ಬೀದಿಗೆ ಹೋದೆ. ನಲ್ಲಿ ಹತ್ತಿರ ಅಂಜನಮ್ಮ ಬಂದಳೆಂದು ಹೆಂಗಸರು ತಮ್ಮ ಕೊಡ ಸರಿಸಿಕೊಂಡರು. ಮಾಟ ಮಾಡ್ಸೋಳು ಅಂತ ಯಾರೋ ಅಂದರು, ಆಕೆಗೆ ಕೇಳಲಿ ಅಂತಲೇ. ಮುನಿಲಕ್ಷ್ಮಮ್ಮ ಅಲ್ಲೇ ಇದ್ದರು, ಮುಖ ತಿರುಗಿಸಿಕೊಂಡು. ನಾನು ಯಾರ ಕಣ್ಣಿಗೂ ಬೀಳದೆ ವಾಪಸ್ ಬಂದೆ.

ಜೂನ್ ೩೦, ಶನಿವಾರ

ಹೇಳಿದೆ. ಮುನಿಲಕ್ಷ್ಮಮ್ಮನ ಜಗಲಿಯಲ್ಲಿ ನಿಂತು ಎಲ್ಲವನ್ನೂ.

"ನಿನ್ ಕಾಲಲ್ಲಿ ಬಂತಾ?" ಅಂದರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಕುಸಿದು ಕೂತರು. "ಅಯ್ಯೋ, ಅವ್ಳಿಗೆ ನಾನು ಏನೇನ್ ಅಂದ್ಬಿಟ್ನೆ..."

ಜಗಲಿಯ ಮೆಟ್ಟಿಲ ಹತ್ತಿರ ಅಂಜನಮ್ಮ. ಯಾವಾಗ ಬಂದರೋ.

"ಅಂಜನಮ್ಮ, ತಪ್ಪು ನಂದು—"

"ಇಲ್ಲಿ ನಮ್ಮಿಬ್ರಿಗೆ ಹೇಳಿದ್ರಾಯ್ತಾ? ನನ್ನ ಅಂದಿದ್ದು ನಲ್ಲಿ ಹತ್ರ. ಅಲ್ ಬಂದ್ ಹೇಳಮ್ಮ."

ಮೂವರೂ ಹೋದೆವು. ನೀರು ಬಿಡುವ ಹೊತ್ತು, ಇಪ್ಪತ್ತು ಜನವಾದರೂ ಇದ್ದರು. ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಅಂಜನಮ್ಮ ನನ್ನ ಪಕ್ಕದಲ್ಲೇ ನಿಂತರು, ತಲೆ ಎತ್ತಿ. ನಾನು ಶುರು ಮಾಡಿದೆ —

"ಮುನಿಲಕ್ಷ್ಮಮ್ಮನ ಕೋಳಿ ಸತ್ತಿದ್ದು ಯಾರ ಕಣ್ಣಿಂದ್ಲೂ ಅಲ್ಲ, ನನ್ನ ಚಪ್ಲೀಲಿ ಬಂದ ರೋಗದಿಂದ."