ಬಾಗಿಲ ಮೇಲಿನ ರಾಯಪ್ಪ, ಚಿನ್ನಪ್ಪ

ಲೇಡೀಸ್ ಹಾಸ್ಟೆಲ್, ಕಾತ್ರಜ, ಪುಣೆ
18 ನವೆಂಬರ್ 2025, ಮಂಗಳವಾರ

ಪ್ರೀತಿಯ ತಾತ,

ಮಂಡಿನೋವು ಹೇಗಿದೆ? ಚರ್ಚಿನ ಗಂಟೆ ಹೊಡೆಯಲು ಈಗಲೂ ನೀನೇ ಹಗ್ಗಕ್ಕೆ ಜೋತುಬೀಳುತ್ತೀಯಂತೆ, ಅಪ್ಪ ಹೇಳಿದರು. ಬೇರೆ ಯಾರಿಗಾದರೂ ಬಿಡು. ಅಜ್ಜಿ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾರಾ, ಇಲ್ಲಾ ಮತ್ತೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಾರಾ? ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರ, ನೆಗಡಿ ಏನೂ ಇಲ್ಲ, ನಿದ್ದೆಯೂ ಇಲ್ಲ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಕೇಳಿಸದಿದ್ದರೂ "ಹ್ಞೂಂ ಮಗಾ, ಹ್ಞೂಂ" ಅಂದುಬಿಡುತ್ತೀ. ಅದಕ್ಕೇ ಕಾಗದ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ನನ್ನ ಸಿಟ್ಟು ಗೊತ್ತಾಗಲಿ ಎಂದು ನಿನ್ನನ್ನು 'ನೀವು' ಅಂತ ಬರೆಯಲು ಹೊರಟಿದ್ದೆ. ಎರಡು ಹಾಳೆ ಹರಿದೆ, ಕೈಗೆ ಬರಲಿಲ್ಲ.

ಮೊನ್ನೆ ಭಾನುವಾರ ಇಲ್ಲಿಯ ಒಂದು ಚರ್ಚಿನಲ್ಲಿ ಕನ್ನಡ ಬಲಿಪೂಜೆ, ಇಲ್ಲಿಯವರ ಬಾಯಲ್ಲಿ 'ಮಾಸ್', ಇತ್ತು. ಐದು ತಿಂಗಳಿಂದ ಕನ್ನಡದಲ್ಲಿ ಯಾರೂ ಪ್ರಾರ್ಥನೆ ಮಾಡಿದ್ದು ಕೇಳಿರಲಿಲ್ಲ, ಹೋದೆ. ಒಂದು ಮಗುವಿನ ಜ್ಞಾನಸ್ನಾನವೂ ಇತ್ತು. ಫಾದರ್ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆಯತೊಡಗಿದರು. "ಸಂತ ರಾಯಪ್ಪನವರೇ" ಅಂದರು. ಎಲ್ಲರೂ "ನಮಗಾಗಿ ಪ್ರಾರ್ಥಿಸಿರಿ" ಅಂದರು. ಮುಂದಿನದು "ಸಂತ ಚಿನ್ನಪ್ಪನವರೇ". ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ರಾಯಚೂರು ಕಡೆಯ ಅಜ್ಜಿಯೊಬ್ಬರಿದ್ದರು, ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸವಂತೆ. ಇವರು ಯಾರು ಎಂದು ಪಿಸುಗುಟ್ಟಿ ಕೇಳಿದೆ. "ಅಯ್ಯ ಯವ್ವಾ, ರಾಯಪ್ಪ ಅಂದ್ರ ಪೀಟರ್ ಅಲ್ಲೇನು! ಸ್ವರ್ಗದ ಕೀಲಿಕೈ ಹಿಡಕೊಂಡು ನಿಂತಾವ. ಚಿನ್ನಪ್ಪ ಅಂದ್ರ ಪೌಲ. ಯಾವ ಊರ ಕ್ರಿಸ್ತಾನ್ರವ್ವಾ ನೀ, ಇಷ್ಟೂ ಗೊತ್ತಿಲ್ಲ?" ಅಂದರು. ನಿನ್ನ ಇನ್ನಾಸಪ್ಪ ಅನ್ನುವ ಹೆಸರು ಇಗ್ನೇಷಿಯಸ್ ಅಂತಲೂ ಅವರೇ ಹೇಳಿಕೊಟ್ಟರು.

ಆರು ವರ್ಷದವಳಿದ್ದಾಗ ನನ್ನನ್ನು ಬೆಂಗಳೂರಿನ ಹಾಸ್ಟೆಲಿಗೆ ಬಿಡುವ ದಿನ ಚರ್ಚಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ನೀನು ನನ್ನನ್ನು ಹೆಗಲ ಮೇಲೆ ಎತ್ತಿ, ಬಾಗಿಲ ಮೇಲಿನ ಕಲ್ಲಿನ ಅಕ್ಷರಗಳ ಮೇಲೆ ನನ್ನ ಬೆರಳು ಓಡಿಸಿದೆ. ರಾಯಪ್ಪ, ಚಿನ್ನಪ್ಪ. "ಇವರಿಬ್ಬರೂ ನಮ್ಮ ವಂಶದ ಹಿರೀಕರು ಮಗಾ, ಅಣ್ಣತಮ್ಮಂದಿರು, ಕಲ್ಲುಕುಟಿಗರು. ಇಡೀ ಚರ್ಚು ಕಟ್ಟಿದ್ದು ಅವರೇ. ಇದು ನಿನ್ನ ಮನೆ" ಅಂದೆ. ಪಕ್ಕದ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಸೇಂಟ್ ಪೀಟರ್ ಆ್ಯಂಡ್ ಪೌಲ್ ಎಂದು ಇದೆಯಲ್ಲ, ಎರಡೂ ಒಂದೇ ಎಂದು ನನಗೆ ಯಾವತ್ತೂ ಹೊಳೆಯಲಿಲ್ಲ. ನನ್ನ ಜ್ಞಾನೋಪದೇಶವೆಲ್ಲ ಹಾಸ್ಟೆಲಿನ ಸಿಸ್ಟರುಗಳ ಇಂಗ್ಲಿಷಿನಲ್ಲೇ ಆಯಿತು. ನೀನು ನಲವತ್ತು ವರ್ಷ ಉಪದೇಶಿಯಾಗಿದ್ದವನು ತಾತ. ಊರಿನ ಪ್ರತಿ ಮಗುವಿಗೂ ರಾಯಪ್ಪ ಯಾರು ಎಂದು ಕಲಿಸಿದವನು. ನನ್ನೊಬ್ಬಳಿಗೆ ಮಾತ್ರ ಬೇರೆ ಪಾಠ.

ಬೇಸಿಗೆ ರಜೆಯಲ್ಲಿ ಕಾಲೇಜಿನ ಡ್ರಾಯಿಂಗಿಗೆಂದು ನಾನು ಟೇಪು ಹಿಡಿದು ಚರ್ಚಿನ ಅಳತೆ ತೆಗೆದದ್ದು ನೆನಪಿದೆಯಾ? ಕಲ್ಲು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ, ಎರಡೂವರೆ ಅಡಿ ದಪ್ಪ. ಕಂಬಗಳ ಬುಡದಲ್ಲಿ ದೇವಸ್ಥಾನದಲ್ಲಿರುವಂಥ ತಾವರೆ. ಪೀಠದ ಮುಂದಿನ ಎರಡು ಕಮಾನುಗಳಲ್ಲಿ ಎಡಗಡೆಯದು ಹನ್ನೊಂದು ಸೆಂಟಿಮೀಟರ್ ತಗ್ಗು. ಕಾರಣ ಕೇಳಿದೆ. ಎಡಗಡೆಯದನ್ನು ರಾಯಪ್ಪ, ಬಲಗಡೆಯದನ್ನು ಚಿನ್ನಪ್ಪ ಪಂಥ ಕಟ್ಟಿ ಕಟ್ಟಿದರು, ತಮ್ಮ ಗೆದ್ದ, ಅಣ್ಣ ಒಂದು ವರ್ಷ ಮಾತು ಬಿಟ್ಟ ಅಂದೆ ನೀನು. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಚಿಕ್ಕಪ್ಪನ ಮಗಳು ಅಪೂರ್ವ ಕಿಸಕ್ಕನೆ ನಕ್ಕು, "ತಾತ, ಹೇಳ್ಬಿಡ್ಲಾ?" ಅಂದಳು. ನೀನು ಅವಳನ್ನು ದುರುಗುಟ್ಟಿ ನೋಡಿದೆ. ನನ್ನ ಕೈಬರಹ ನೋಡಿ ನಗುತ್ತಿದ್ದಾಳೆ ಅಂದುಕೊಂಡೆ ನಾನು.

ಭಾನುವಾರ ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅವರೂ ನಕ್ಕರು. "ಅಯ್ಯೋ, ನಿನ್ನ ಸಮಾಧಾನಕ್ಕೆ ಹೇಳಿದ್ದು ಪುಟ್ಟಿ. ನಿಂಗಿನ್ನೂ ಗೊತ್ತಾಗಿರ್ಲಿಲ್ವಾ?" ಹೇಗೆ ಗೊತ್ತಾಗಬೇಕು? ವರ್ಷಕ್ಕೆ ಒಂದೂವರೆ ತಿಂಗಳು ಊರಿಗೆ ಬರುವವಳಿಗೆ? ಬೆಂಗಳೂರಿನ ಹುಡುಗಿಯರು ನಮ್ಮೂರ ಹೆಸರು ಕೇಳಿ ನಕ್ಕಾಗಲೆಲ್ಲ ನಮ್ಮವರು ಚರ್ಚು ಕಟ್ಟಿದವರು ಅನ್ನುತ್ತಿದ್ದೆ. ಆರ್ಕಿಟೆಕ್ಚರ್ ಸೀಟಿನ ಇಂಟರ್‌ವ್ಯೂನಲ್ಲೂ ಅದನ್ನೇ ಹೇಳಿದೆ. ನೀನು ಸುಳ್ಳು ಹೇಳಿದ್ದಕ್ಕಿಂತ, ಅದು ಸುಳ್ಳೆಂದು ಗೊತ್ತಿದ್ದವರೆಲ್ಲ ಒಂದು ಕಡೆ ಕೂತು ನನ್ನನ್ನು ನೋಡುತ್ತಿದ್ದಿರಲ್ಲ, ಅದು ಚುಚ್ಚುತ್ತದೆ. ಊರಿನವಳಾಗಿದ್ದರೆ ಯಾರಾದರೂ ಬೈದು ತಿದ್ದುತ್ತಿದ್ದರು. ನಾನು ನೆಂಟರ ಮಗು.

ನಮ್ಮ ಕಾಲೇಜಿನ ಸರ್‌ಗೆ ಆ ಅಣ್ಣತಮ್ಮಂದಿರ ಕಮಾನಿನ ಕಥೆ ಬಹಳ ಹಿಡಿಸಿದೆ. ಡಿಸೆಂಬರ್ ಆರರ ಪ್ರದರ್ಶನದಲ್ಲಿ ನನ್ನ ಡ್ರಾಯಿಂಗನ್ನೇ ಮಧ್ಯದಲ್ಲಿ ಹಾಕುತ್ತಾರಂತೆ. ತಾತನನ್ನು ಕರೆಸು, ಎರಡು ಮಾತಾಡಲಿ ಎಂದವರೂ ಅವರೇ. ನಿನ್ನೆ ಅವರ ರೂಮಿನವರೆಗೆ ಹೋಗಿ ವಾಪಸ್ ಬಂದೆ. ನಿಜ ಹೇಳಿದರೆ ಮಾರ್ಕಿಗಾಗಿ ನಾನೇ ಹೆಣೆದದ್ದು ಅಂದುಕೊಳ್ಳುತ್ತಾರೆ. ಹೇಳದಿದ್ದರೆ ಇನ್ನು ಮುಂದೆ ಅದು ನನ್ನ ಸುಳ್ಳು. ಹನ್ನೊಂದು ಸೆಂಟಿಮೀಟರ್ ಮಾತ್ರ ನಿಜ, ಮೂರು ಸಲ ಅಳೆದಿದ್ದೇನೆ. ಯಾಕೆ ಹಾಗಾಯಿತು, ಯಾರು ಕಟ್ಟಿದರು, ಯಾವುದೂ ಗೊತ್ತಿಲ್ಲ.

ಅಜ್ಜಿಗೆ ಮುತ್ತು. ಅಪೂರ್ವಳಿಗೆ ಏನೂ ಇಲ್ಲ. ಪ್ರತಿ ಸಲ ಹೊರಡುವಾಗ ಹಣೆಯ ಮೇಲೆ ಶಿಲುಬೆ ಗುರುತು ಹಾಕು ಎಂದು ನಾನೇ ತಲೆ ಒಡ್ಡುತ್ತಿದ್ದೆ. ಈ ಸಲ ಕೇಳುವುದಿಲ್ಲ. ನೀನಾಗಿ ಹಾಕಿದರೆ ಬೇಡ ಅನ್ನುವುದೂ ಇಲ್ಲ.

ನಿನ್ನ ಮೊಮ್ಮಗಳು,
ಇಂಪನಾ

ವಿ.ಸೂ.: ಪ್ರದರ್ಶನಕ್ಕೆ ಬರಲು ತೆಗೆಸಿದ ನಿನ್ನ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿಸಬೇಡ. ಆರನೇ ತಾರೀಖು ಬೆಳಿಗ್ಗೆ ಕಾತ್ರಜದಲ್ಲೇ ಇಳಿ, ಮುಂದೆ ಸ್ವಾರಗೇಟ್ ಬಸ್ ನಿಲ್ದಾಣದವರೆಗೆ ಹೋಗಬೇಡ, ನಾನು ಬಂದು ನಿಂತಿರುತ್ತೇನೆ. ಡ್ರಾಯಿಂಗ್ ಶೀಟಿನಲ್ಲಿ 'ಕಟ್ಟಿದವರು' ಅನ್ನುವುದರ ಮುಂದಿದ್ದ ಆ ಎರಡು ಹೆಸರುಗಳ ಮೇಲೆ ಬಿಳಿ ಕಾಗದ ಅಂಟಿಸಿದ್ದೇನೆ. ಸರ್ ಕೇಳಿದಾಗ ನೀನು ಕನ್ನಡದಲ್ಲಿ ಹೇಳಬೇಕು, ಅದನ್ನೇ ನಾನು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳುತ್ತೇನೆ. ನೀನು ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ, ಮಾರ್ಕು ಹೋದರೆ ಹೋಗಲಿ. ಇನ್ನೊಂದು ಕಥೆ ಶುರು ಮಾಡಿದೆಯೋ, ನಾನು ಬಾಯಿ ತೆರೆಯುವುದಿಲ್ಲ. ಅಷ್ಟು ಜನರ ಮಧ್ಯೆ ಏನೂ ತಿಳಿಯದೆ ಒಬ್ಬರೇ ನಿಲ್ಲುವುದು ಹೇಗಿರುತ್ತದೆ ಎಂದು ನಿನಗೂ ಗೊತ್ತಾಗಲಿ.